ಕಿತ್ತರೂ ಮತ್ತೆ ಬರುತ್ತಲ್ಲ!

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಆರು ವಾರ ನಡೆಯುವ ಪ್ರಕೃತಿ ಶಿಬಿರವೊಂದರಲ್ಲಿ 14ರಿಂದ 17 ವರ್ಷದ ಹನ್ನೆರಡು ಮಕ್ಕಳ ತಂಡವನ್ನು ನೋಡಿಕೊಳ್ಳಲು ಒಪ್ಪಿಕೊಂಡಿದ್ದೇನೆ. ಲಂಟಾನ ಎಂಬ ಮುಳ್ಳುಪೊದೆಯಂಥ ಕಳೆಗಿಡ ತೆಗೆಯುವುದು, ನೆಟ್ಟ ಸಸಿ ನೋಡಿಕೊಳ್ಳುವುದು, ಸುತ್ತಲಿನ ಹಕ್ಕಿ, ಹುಳ, ಗಿಡ ಗಮನಿಸುವುದು ಕೆಲಸ. ಒಂದು ವಾರ ಕಳೆದಿದೆ. ಮೊದಲೆರಡು ದಿನದ ಹುಮ್ಮಸ್ಸು ಈಗಿಲ್ಲ. ಬೆಳಿಗ್ಗೆ ಮುಖ ಊದಿಸಿಕೊಂಡು ಬರುತ್ತಾರೆ. ಮೊನ್ನೆ ಒಬ್ಬ ಹುಡುಗ ಎಲ್ಲರೆದುರು, 'ಈ ಲಂಟಾನ ಇವತ್ತು ಕಿತ್ತರೆ ಮುಂದಿನ ವರ್ಷ ಮತ್ತೆ ಬರುತ್ತಲ್ಲ, ಸುಮ್ನೆ ಯಾಕೆ ಕೀಳೋದು?' ಎಂದ. ನಾನು ಪರಿಸರದ ಮಹತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಅವನು ಆಕಾಶ ನೋಡುತ್ತಾ ನಿಂತಿದ್ದ. ಏನು ಮಾಡಲಿ ಮೇಡಂ?

ಉತ್ತರ: ಆ ಹುಡುಗ ಹೇಳಿದ್ದು ನಿಜ. ನಾಳೆ ಹೋದ ತಕ್ಷಣ ಅವನಿಗೆ ಅದನ್ನೇ ಹೇಳಿ. 'ಹೌದಪ್ಪ, ಮತ್ತೆ ಬರುತ್ತೆ. ಎಷ್ಟು ಬರುತ್ತೆ, ಎಲ್ಲಿ ಜಾಸ್ತಿ ಬರುತ್ತೆ, ನೋಡೋಣ್ವಾ?' ಅಂತ ಕೇಳಿ, ಅವನ ಕೈಗೆ ನಾಲ್ಕು ಗೂಟ, ಒಂದಿಷ್ಟು ಹಗ್ಗ ಕೊಡಿ.

ನಾನೂ ನಿಮ್ಮ ಹಾಗೆಯೇ ಶುರು ಮಾಡಿದವಳು. ಎರಡನೇ ಬೇಸಿಗೆಯಲ್ಲಿ ಒಬ್ಬಳು ಹುಡುಗಿ ಇದೇ ಪ್ರಶ್ನೆ ಕೇಳಿದ್ದಳು. ನಾನೂ ಭಾಷಣ ಬಿಗಿದೆ. ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಆ ಶಿಬಿರ ಮುಗಿಯುವ ತನಕ ತೆಗೆಯಲಿಲ್ಲ. ಎರಡು ವರ್ಷದ ನಂತರ ಇನ್ನೊಬ್ಬ ಕೇಳಿದಾಗ ನನಗೆ ಸ್ವಲ್ಪ ಬುದ್ಧಿ ಬಂದಿತ್ತು. ಲಂಟಾನ ತೆಗೆದ ಜಾಗದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಆರು ಚೌಕ ಹಾಕಿಸಿದೆ. ಮೂರು ಮರದ ಕೆಳಗೆ, ಮೂರು ಬಯಲಲ್ಲಿ. ವಾರಕ್ಕೊಮ್ಮೆ ಮೊಳಕೆ ಎಣಿಸುವುದು, ಒಂದೇ ಗೂಟದ ಪಕ್ಕ ನಿಂತು ಒಂದೇ ದಿಕ್ಕಿಗೆ ಫೋಟೊ ತೆಗೆಯುವುದು. ಅಷ್ಟೇ.

ನಾಲ್ಕನೇ ವಾರ ಅವನೇ ಓಡಿ ಬಂದ. ಮರದ ಕೆಳಗಿನ ಚೌಕಗಳಲ್ಲೇ ಮೊಳಕೆ ಜಾಸ್ತಿ. ಯಾಕೆ? ನಾನು ಬಾಯಿ ಬಿಡಲಿಲ್ಲ. (ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ.) ಎರಡು ದಿನ ಮರ ನೋಡುತ್ತಾ ಕೂತ. ಹಕ್ಕಿಗಳು ಲಂಟಾನದ ಕಪ್ಪು ಹಣ್ಣು ತಿಂದು ಬಂದು ಅದೇ ಕೊಂಬೆಯ ಮೇಲೆ ಕೂರುತ್ತವೆ, ಬೀಜ ಕೆಳಗೆ ಬೀಳುತ್ತದೆ. 'ಹಾಗಾದ್ರೆ ಮುಂದಿನ ವರ್ಷ ಮರದ ಬುಡದಿಂದ ಶುರು ಮಾಡ್ಬೇಕು' ಎಂದ. ನಾವು ದೊಡ್ಡವರು ಅಲ್ಲಿಯವರೆಗೆ ದಾರಿ ಬದಿಯಿಂದ ಕೀಳುತ್ತಾ ಬಂದಿದ್ದೆವು, ಕಾಣಲಿಕ್ಕೆ ಚೆಂದ ಅಂತ! ಮರುವರ್ಷ ಅವನು ಹೇಳಿದ ಹಾಗೆ ಬದಲಿಸಿದೆವು. ಬದಲಿಸಿದ್ದು ಅವನಿಗೂ ಗೊತ್ತಾಗುವ ಹಾಗೆ ಮಾಡಿದೆವು.

ಈ ವಯಸ್ಸಿನವರಿಗೆ ಸುಳ್ಳು ಕೆಲಸದ ವಾಸನೆ ಬೇಗ ಬಡಿಯುತ್ತದೆ. ಅವರನ್ನು ಸುಮ್ನೆ ಬ್ಯುಸಿಯಾಗಿ ಇಡಲಿಕ್ಕೆ ಕೊಟ್ಟ ಕೆಲಸ ಯಾವುದು, ಮಾಡದಿದ್ದರೆ ನಿಜಕ್ಕೂ ನಷ್ಟವಾಗುವ ಕೆಲಸ ಯಾವುದು, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಕೀಳುವ ವಿಷಯ. ಮತ್ತೆ ಚಿಗುರುವುದಕ್ಕೆ ಅರ್ಧ ಕಾರಣ ನಾವು ತೆಗೆಯುವ ರೀತಿ. ಮಚ್ಚಿನಿಂದ ಮೇಲಷ್ಟೇ ಸವರಿದರೆ ಬುಡದಿಂದ ಇನ್ನೂ ದಟ್ಟವಾಗಿ ಬರುತ್ತದೆ. ಚಿಗುರುವ ಭಾಗ ಇರುವುದು ಕಾಂಡ ಮತ್ತು ಬೇರು ಸೇರುವಲ್ಲಿ, ನೆಲದ ಮಟ್ಟದ ಸ್ವಲ್ಪ ಕೆಳಗೆ. ಮಣ್ಣು ಸರಿಸಿ, ಅದಕ್ಕಿಂತ ಕೆಳಗೆ ಪಿಕಾಸಿಯಿಂದ ಬೇರು ಕತ್ತರಿಸಬೇಕು. ಆಮೇಲೆ ಪೊದೆಯನ್ನು ತಲೆಕೆಳಗಾಗಿ ಇಡಬೇಕು, ಬುಡ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಟ್ಟುಕೊಳ್ಳುತ್ತದೆ. ಹಣ್ಣಾಗುವ ಮುಂಚೆ ತೆಗೆದರೆ ಒಳ್ಳೆಯದು. ತೆಗೆದ ಜಾಗವನ್ನು ಖಾಲಿ ಬಿಡಬೇಡಿ. ಬಿಸಿಲು ಬಿದ್ದ ಖಾಲಿ ಮಣ್ಣು ಲಂಟಾನಕ್ಕೆ ಇಷ್ಟ. ಆ ನೆಲದ್ದೇ ಹುಲ್ಲು, ಗಿಡ ಬೇಗ ತುಂಬಿಕೊಳ್ಳಬೇಕು.

ಒಂದು ತಪ್ಪೊಪ್ಪಿಗೆ. ಒಮ್ಮೆ ನಾನು ದೂರದಿಂದ ಕೈ ತೋರಿಸಿ 'ಅಲ್ಲಿರೋದೆಲ್ಲ ಕಿತ್ತುಬಿಡಿ' ಎಂದೆ. ಒಬ್ಬ ಪಾಪದ ಹುಡುಗ ಅಲ್ಲಿದ್ದದ್ದನ್ನೆಲ್ಲ ಕಿತ್ತ. ಹಿಂದಿನ ವರ್ಷ ನಾವೇ ನೆಟ್ಟ ಸಸಿಗಳೂ ಅದರಲ್ಲಿದ್ದವು. ಬೈದೆ. ಮಾರನೆ ದಿನ ಅವನು ಬರಲಿಲ್ಲ. ತಪ್ಪು ನನ್ನದೇ, ಅಲ್ವಾ? ಅವನ ಮನೆಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ಬಂದ. ಅಂದಿನಿಂದ ಉಳಿಸಬೇಕಾದ ಪ್ರತಿ ಸಸಿಗೂ ಬಣ್ಣದ ಪಟ್ಟಿ ಕಟ್ಟುತ್ತೇವೆ. ಮೊದಲ ದಿನ ಎಲ್ಲರೂ ಲಂಟಾನ ಮುಟ್ಟಿ ನೋಡಬೇಕು. ಕಾಂಡ ಚೌಕ, ಎಲೆ ಎದುರುಬದುರು ಜೋಡಿ, ಮೈ ಒರಟು, ಉಜ್ಜಿದರೆ ಘಾಟು. ಕೈಗೆ ಗ್ಲೌಸ್ ಇರಲಿ, ಮುಳ್ಳಿದೆ. ಹಸಿರು ಕಾಯಿ ವಿಷ, ಬಾಯಿಗೆ ಹಾಕಬಾರದು ಅಂತ ಹೇಳಿ. ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಇದ್ದರೆ ಬರಿಗೈಯಲ್ಲಿ ಮುಟ್ಟಿಸಲೇಬೇಡಿ, ಹಲವರಿಗೆ ಚರ್ಮದ ಅಲರ್ಜಿ ಆಗುತ್ತದೆ.

ಬೆಳಗಿನ ಊದಿದ ಮುಖವನ್ನು ಸೋಮಾರಿತನ ಅಂದುಕೊಳ್ಳಬೇಡಿ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಅವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ಬಿಸಿಲು ನಮ್ಮ ಮಾತು ಕೇಳುವುದಿಲ್ಲ, ಕಷ್ಟದ ಕೆಲಸ ಬೆಳಿಗ್ಗೆಯೇ ಮುಗಿಯಬೇಕು. ನಾನು ಕಂಡುಕೊಂಡ ರಾಜಿ ಇದು: ಮೊದಲ ಅರ್ಧ ಗಂಟೆ ಯಾರೂ ಮಾತಾಡಬೇಕಿಲ್ಲ, ಏನೂ ಕಲಿಯಬೇಕಿಲ್ಲ, ಸಸಿಗಳಿಗೆ ನೀರು ಹಾಕಿದರೆ ಸಾಕು. ಗುದ್ದಲಿ, ಪಿಕಾಸಿ ಕಣ್ಣು ಪೂರ್ತಿ ಬಿಟ್ಟ ಮೇಲೆ.

ಬಿಸಿಲಲ್ಲಿ ಕೆಲಸ ಮಾಡುವಾಗ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬಾಯಾರಲಿ ಬಿಡಲಿ. ತಲೆಸುತ್ತು, ವಾಕರಿಕೆ ಅಂದರೆ ತಕ್ಷಣ ನೆರಳು, ನೀರು, ವಿಶ್ರಾಂತಿ. ಮಾತು ಅಸ್ತವ್ಯಸ್ತವಾದರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೆ ಮೈ ತಣ್ಣಗೆ ಮಾಡುತ್ತಿರಿ. ಕೈ ಚಾಚಿ ಹಿಡಿದ ಪಿಕಾಸಿ ತಿರುಗಿಸಿದರೂ ಇನ್ನೊಬ್ಬರಿಗೆ ತಾಗದಷ್ಟು ಅಂತರ ಬೇಕು. ಇನ್ನೊಂದು: ಯಾವ ಮಗುವಿನ ಜೊತೆಗೂ ನೀವೊಬ್ಬರೇ ಮರೆಯಲ್ಲಿರಬೇಡಿ. ಇನ್ನೊಬ್ಬ ದೊಡ್ಡವರ ಕಣ್ಣಿಗೆ ಕಾಣುವ ಹಾಗೆಯೇ ಇರಿ. ಇದು ಅವರಿಗೂ ಒಳ್ಳೆಯದು, ನಿಮಗೂ.

ಪ್ರಶ್ನೆ: ನನಗೆ ಹತ್ತು ಹಕ್ಕಿಗಳ ಹೆಸರೂ ಸರಿಯಾಗಿ ಗೊತ್ತಿಲ್ಲ. ಮಕ್ಕಳು ಕೇಳಿದರೆ ಏನು ಹೇಳಲಿ?

ಉತ್ತರ: 'ಗೊತ್ತಿಲ್ಲ' ಅನ್ನಿ. ಆಮೇಲೆ ಜೊತೆಗೆ ಕೂತು ಹುಡುಕಿ. ಹೆಸರು ಹೇಳಿದ ಕೂಡಲೇ ಮಕ್ಕಳು ಹಕ್ಕಿ ನೋಡುವುದನ್ನು ನಿಲ್ಲಿಸಿಬಿಡುತ್ತಾರೆ, ಇದನ್ನು ಎಷ್ಟೋ ಸಲ ನೋಡಿದ್ದೇನೆ. ಚಾರ್ಲ್ಸ್ ಡಾರ್ವಿನ್ ಎರೆಹುಳಕ್ಕೆ ಕಿವಿ ಕೇಳುತ್ತದೆಯೇ ಅಂತ ತಿಳಿಯಲು ಕುಂಡದಲ್ಲಿ ಹುಳ ಇಟ್ಟುಕೊಂಡು ಸೀಟಿ ಊದಿಸಿದ, ಬಸೂನ್ ಎಂಬ ವಾದ್ಯವನ್ನೂ ಊದಿಸಿದ. ಹುಳ ಕದಲಲಿಲ್ಲ. ಕುಂಡವನ್ನು ಪಿಯಾನೊ ಮೇಲಿಟ್ಟು ಒಂದು ಸ್ವರ ಒತ್ತಿದಾಗ ಸರ್ರನೆ ಬಿಲಕ್ಕೆ ಹೋದವು. ಸದ್ದು ಕೇಳಿಸಲಿಲ್ಲ, ನಡುಕ ತಿಳಿಯಿತು! ಈ ಕತೆ ಹೇಳಿದ ಮೇಲೆ ನನ್ನ ತಂಡದಲ್ಲಿ ಒಬ್ಬಳು ಇಡೀ ಮಧ್ಯಾಹ್ನ ನೆಲ ಕುಟ್ಟುತ್ತಾ ಕೂತಿದ್ದಳು. ಒಂದು ಹುಳವೂ ಬರಲಿಲ್ಲ. ಅವಳಿಗೇನೂ ಬೇಜಾರಾಗಲಿಲ್ಲ.

ಪ್ರಶ್ನೆ: ಫೋನ್ ಪೂರ್ತಿ ನಿಷೇಧಿಸಬೇಕೇ?

ಉತ್ತರ: ನಾನು ನಿಷೇಧಿಸಿ ಸೋತವಳು. ಈಗ ಕೀಳುವ ಹೊತ್ತಲ್ಲಿ ಫೋನ್ ಚೀಲದಲ್ಲಿ, ನೋಡುವ ಹೊತ್ತಲ್ಲಿ ಕೈಯಲ್ಲಿ. 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಗಿಡ, ಹುಳ, ಹಕ್ಕಿಯ ಫೋಟೊ ಹಾಕಿದರೆ ಬೇರೆ ಬೇರೆ ಕಡೆಯವರು ಅದು ಏನೆಂದು ಹೇಳುತ್ತಾರೆ. ಅದರ ಕಂಪ್ಯೂಟರ್ ತಾನಾಗಿ ಸೂಚಿಸಿದ ಮೊದಲ ಹೆಸರನ್ನೇ ನಂಬಬೇಡಿ, ಜನರ ಒಪ್ಪಿಗೆಗೆ ಕಾಯಿರಿ. ಗೂಡಿನ ಜಾಗವನ್ನು ಮಾತ್ರ ಎಲ್ಲೂ ಹಾಕಬಾರದು ಅಂತ ಮೊದಲೇ ಹೇಳಿಡಿ.

ಪ್ರಶ್ನೆ: ಕೊನೆಯ ದಿನ ಸಮಾರೋಪಕ್ಕೆ ಏನು ಮಾಡಬಹುದು?

ಉತ್ತರ: ಪ್ರಮಾಣಪತ್ರ ಕೊಡಿ, ಬೇಡ ಅನ್ನುವುದಿಲ್ಲ. ಭಾಷಣ ಕಡಿಮೆ ಮಾಡಿ. ಅಪ್ಪ ಅಮ್ಮಂದಿರನ್ನು ಮಕ್ಕಳೇ ತಮ್ಮ ತಮ್ಮ ಚೌಕದ ಹತ್ತಿರ ಕರೆದುಕೊಂಡು ಹೋಗಲಿ. ಸಂಜೆ ಹಗ್ಗ ಬಿಚ್ಚಿಸಿ, ಪ್ರಾಣಿಗಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಗೂಟ ಕೀಳಬೇಡಿ. ಮುಂದಿನ ವರ್ಷದವರು ಅಲ್ಲೇ ಎಣಿಸಬೇಕು.