ದಾಳವಿಲ್ಲದೆ ಇಬ್ಬರೇ ಆಡುವ, ಬೇಗ ಕಲಿಯಬಹುದಾದ ಆಟ ಯಾವುದು?

ನಿಮ್ಮ 8 ವರ್ಷದ ಮಗಳಿಗೆ ಚೆಸ್ ಕಷ್ಟ, ಹಾವು ಏಣಿಯಲ್ಲಿ ಯೋಚಿಸೋದಕ್ಕೇ ಏನೂ ಇಲ್ಲ, ಇವೆರಡರ ನಡುವೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಹುಲಿ ಕುರಿ ಆಟ. ಕೆಲವು ಕಡೆ ಆಡು ಹುಲಿ ಅಂತಲೂ ಅನ್ನುತ್ತಾರೆ. ನನಗೆ ಅಜ್ಜಿ ಕಲಿಸಿದ್ದು, ಬೇಸಿಗೆ ರಜೆಯಲ್ಲಿ, ಜಗಲಿ ಮೇಲೆ. ಈಗ ನನ್ನ ಮಗನ ಜೊತೆ ಆಡುತ್ತೇನೆ. ಒಂದು ಸೀಮೆಸುಣ್ಣ, ಹುಲಿಗೆ 3 ಕಲ್ಲು, ಕುರಿಗೆ 15 ಹುಣಸೆಬೀಜ ಇದ್ದರೆ ಸಾಕು.

ಮೊದಲು ಆಟದ ಮನೆ ಬರೆಯಿರಿ. ಮೇಲೆ ಒಂದು ಚುಕ್ಕೆ. ಅಲ್ಲಿಂದ ಕೆಳಕ್ಕೆ ನಾಲ್ಕು ಗೆರೆ, ಬೀಸಣಿಗೆ ಬಿಚ್ಚಿದ ಹಾಗೆ. ನಾಲ್ಕರ ಬುಡವನ್ನೂ ಒಂದು ಅಡ್ಡಗೆರೆಯಿಂದ ಸೇರಿಸಿ. ಈಗ ತ್ರಿಕೋನ ಆಯಿತು. ಅದರ ನಡುವೆ ಒಂದೇ ಉದ್ದದ ಮೂರು ಅಡ್ಡಗೆರೆ ಎಳೆಯಿರಿ, ಎರಡೂ ಕಡೆ ತ್ರಿಕೋನ ದಾಟಿ ಹೊರಗೆ ಬರಲಿ. ಹೊರಗೆ ಬಂದ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ನೇರ ಗೆರೆ ಹಾಕಿ ಕೂಡಿಸಿ. ಗೆರೆಗಳು ಸೇರುವ ಜಾಗ ಎಣಿಸಿದರೆ 23 ಬರಬೇಕು.

ಒಂದು ಹುಲಿ ಮೇಲಿನ ತುದಿಯಲ್ಲಿ, ಇನ್ನೆರಡು ಅದರ ಕೆಳಗಿನ ಅಡ್ಡಗೆರೆಯ ನಡುವಿನ ಎರಡು ಜಾಗದಲ್ಲಿ. ಕುರಿಯವರು ಒಂದು ಕುರಿ ಇಡುತ್ತಾರೆ, ಹುಲಿಯವರು ಒಂದು ಹುಲಿ ನಡೆಸುತ್ತಾರೆ. 15 ಕುರಿ ಇಟ್ಟು ಮುಗಿಯುವ ತನಕ ಇಟ್ಟ ಕುರಿ ಅಲ್ಲಾಡುವಂತಿಲ್ಲ. ಹುಲಿ ಪಕ್ಕದ ಕುರಿಯನ್ನು ಹಾರಿ, ಅದೇ ಗೆರೆಯಲ್ಲಿ ಅದರ ಹಿಂದಿನ ಖಾಲಿ ಜಾಗಕ್ಕೆ ಬಿದ್ದರೆ ಆ ಕುರಿ ಸತ್ತ ಹಾಗೆ. ಮೂರೂ ಹುಲಿ ಅಲ್ಲಾಡದಂತೆ ಕಟ್ಟಿಹಾಕಿದರೆ ಕುರಿ ಗೆದ್ದಿತು. ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಅನ್ನೋದು ಊರಿಂದ ಊರಿಗೆ ಬೇರೆ. ನಮ್ಮ ಮನೆಯಲ್ಲಿ 5.

ಮಕ್ಕಳು ಮೊದಲು ಹುಲಿಯನ್ನೇ ಕೇಳುತ್ತಾರೆ. ಕೊಡಿ. ಆದರೆ ಆಟದ ನಿಜವಾದ ರುಚಿ ಇರುವುದು ಕುರಿಯಲ್ಲಿ. ನಾನು ಚಿಕ್ಕವನಿದ್ದಾಗ ಮಧ್ಯಕ್ಕೇ ಕುರಿ ಇಟ್ಟು ಸೋಲುತ್ತಿದ್ದೆ. 'ಬೆನ್ನು ನೋಡಿಕೊಂಡು ಇಡೋ' ಅನ್ನೋಳು ಅಜ್ಜಿ. ಕುರಿಯ ಹಿಂದೆ ಖಾಲಿ ಜಾಗ ಇರಬಾರದು, ಅಷ್ಟೇ. ಈ 23ರಲ್ಲಿ 7 ಜಾಗಗಳಲ್ಲಿ ಕುರಿಯನ್ನು ಹೊಡೆಯಲು ಆಗುವುದೇ ಇಲ್ಲ. ತ್ರಿಕೋನದ ಮೂರು ತುದಿ, ಚೌಕದ ನಾಲ್ಕು ಮೂಲೆ. ಅಲ್ಲಿ ಎಲ್ಲ ಗೆರೆಗಳೂ ನಿಂತುಬಿಡುತ್ತವೆ, ಹಾರಿ ಹೋಗಲು ಆಚೆ ಏನೂ ಇಲ್ಲ. ಮೇಲಿನ ತುದಿಯಲ್ಲಿ ಹುಲಿ ಇರುತ್ತದೆ, ಹಾಗಾಗಿ ಉಳಿದ ಆರರಿಂದ ಶುರು ಮಾಡಿ.

ಹುಲಿಗೆ ಅದೇ ಮೂಲೆ ಬಲೆ. ಚೌಕದ ಮೂಲೆಗೆ ಹೋದ ಹುಲಿಯನ್ನು 4 ಕುರಿಗಳಿಂದ ಕಟ್ಟಬಹುದು. ನಡುಗೆರೆಯ ಮಧ್ಯದಲ್ಲಿ ಕೂತರೆ 8 ಬೇಕು! ಒಂದು ಕುರಿಯ ಆಸೆಗೆ ಮಧ್ಯ ಬಿಟ್ಟು ಹೋದ ಹುಲಿ ಜಾಸ್ತಿ ಹೊತ್ತು ಬಾಳುವುದಿಲ್ಲ. ಒಂದೂ ಕುರಿ ಸಾಯದೆ ಎಲ್ಲ ಇಟ್ಟು ಮುಗಿದರೆ ಖಾಲಿ ಉಳಿಯುವುದು ಬರೀ 5 ಜಾಗ. ಹುಲಿಗೆ ಆಗ ಉಸಿರಾಡಲೂ ಕಷ್ಟ.

ಇದು ಹಳೇ ಆಟ. ಹಂಪಿಗೆ ಹೋದರೆ ಕಲ್ಲುಹಾಸಿನ ಮೇಲೆ ಕೊರೆದಿರುವ ಆಟದ ಮನೆಗಳನ್ನು ಮಗಳಿಗೆ ತೋರಿಸಿ, ತುಂಬಾ ಖುಷಿಪಡುತ್ತಾಳೆ. ನೇಪಾಳದಲ್ಲಿ ಇದರ ತಂಗಿಯಂಥ ಆಟ ಇದೆ, ಬಾಘ್ ಚಾಲ್. ಅಲ್ಲಿ 25 ಜಾಗ, 4 ಹುಲಿ, 20 ಕುರಿ.

ಚೆಸ್‌ಗಿಂತ ಇದನ್ನೇ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ದೊಡ್ಡವರು ಮಕ್ಕಳ ಜೊತೆ ಆಡುವಾಗ ಬೇಕಂತಲೇ ಸೋಲುತ್ತೇವೆ ಅಲ್ವಾ? ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. ಇಲ್ಲಿ ಅದು ಬೇಡ. ಹುಲಿ ಅವಳದ್ದು, 3 ಕುರಿ ಹೊಡೆದರೆ ಅವಳ ಗೆಲುವು ಅಂತ ಶುರು ಮಾಡಿ, ನೀವು ಪೂರ್ತಿ ಮನಸ್ಸಿಟ್ಟು ಕುರಿ ಆಡಿ. ಅವಳು ಪಳಗಿದ ಹಾಗೆ 4, ಆಮೇಲೆ 5 ಮಾಡಿ. ನನ್ನ ಮಗ ಹೋದ ತಿಂಗಳು 5ಕ್ಕೆ ಬಂದ. ಈಗ ಕುರಿ ತನಗೇ ಬೇಕು ಅಂತಾನೆ.