ಕೊರಿಯಾದ ಕಿಮ್ ಸು-ಯಂಗ್ ಪ್ರಶಸ್ತಿ ಅಂದ್ರೆ ಏನು, ಯಾರ್ಯಾರಿಗೆ ಬಂದಿದೆ?

ಇದು ದಕ್ಷಿಣ ಕೊರಿಯಾದ ಮಿನ್‌ಉಮ್ಸಾ ಅನ್ನೋ ಪ್ರಕಾಶನ ಸಂಸ್ಥೆ 1981ರಲ್ಲಿ ಶುರು ಮಾಡಿದ ಕಾವ್ಯ ಪ್ರಶಸ್ತಿ. ಕಿಮ್ ಸು-ಯಂಗ್ (1921-1968) ದೊಡ್ಡ ಕವಿ, ಕೊರಿಯಾ ಯುದ್ಧದಲ್ಲಿ ಕೋಜೆ ದ್ವೀಪದ ಕೈದಿ ಶಿಬಿರದಲ್ಲಿ ಇದ್ದು ಬಂದೋರು, 1960ರ ವಿದ್ಯಾರ್ಥಿ ಕ್ರಾಂತಿ ಆದ್ಮೇಲಂತೂ ಸ್ವಾತಂತ್ರ್ಯದ ಬಗ್ಗೆ ಬೆಂಕಿ ಥರ ಬರೆದ್ರು, ಕೊನೆಗೆ 46ನೇ ವಯಸ್ಸಲ್ಲಿ ಬಸ್ ಡಿಕ್ಕಿ ಹೊಡೆದು ತೀರಿಕೊಂಡ್ರು. ಅವರ ಕೊನೇ ಕವಿತೆ ಹುಲ್ಲಿನ ಬಗ್ಗೆ, ಗಾಳಿಗೆ ಬಾಗುತ್ತೆ, ಆದ್ರೆ ಗಾಳಿಗಿಂತ ಮುಂಚೆನೇ ಎದ್ದು ನಿಲ್ಲುತ್ತೆ. ಓದಿದ್ರೆ ಮೈ ಜುಮ್ ಅನ್ನುತ್ತೆ.

ಮೊದಲ ಸಲ ಬಂದಿದ್ದು ಜಂಗ್ ಹೀ-ಸಂಗ್ ಅವರಿಗೆ, ಆಮೇಲೆ 1982ರಲ್ಲಿ ಲೀ ಸಂಗ್-ಬೊಕ್, 1983ರಲ್ಲಿ ಹ್ವಾಂಗ್ ಜಿ-ಉ. ಅದು ಮಿಲಿಟರಿ ಆಡಳಿತದ ಕಾಲ ಅನ್ನೋದು ನೆನಪಿರಲಿ, ಸೆನ್ಸಾರ್ ಜೋರಾಗಿತ್ತು, ಅಂಥಾ ಟೈಮಲ್ಲಿ ಕಾವ್ಯದ ರೂಪವನ್ನೇ ಒಡೆದು ಹಾಕ್ತಿದ್ದ ಲೀ, ಹ್ವಾಂಗ್ ಥರದೋರಿಗೆ ಪ್ರಶಸ್ತಿ ಕೊಟ್ಟಿದ್ದು ಸಣ್ಣ ಮಾತಲ್ಲ.

ನನಗೆ ತುಂಬಾ ಇಷ್ಟ ಆಗೋದು 1987ರ ಆಯ್ಕೆ. ಜಾಂಗ್ ಜಂಗ್-ಇಲ್, ಇಪ್ಪತ್ತೈದರ ಹುಡುಗ! ಪ್ರಶಸ್ತಿ ತಂದುಕೊಟ್ಟ ಅವರ ಸಂಕಲನದ ಶೀರ್ಷಿಕೆ ಕವಿತೆ ಹ್ಯಾಂಬರ್ಗರ್ ಮಾಡೋ ರೆಸಿಪಿ ಥರಾನೇ ಇದೆ, ಸಾಮಾನು ಪಟ್ಟಿ, ಮಾಡುವ ವಿಧಾನ ಎಲ್ಲಾ ಸಮೇತ, ಓದ್ತಾ ಓದ್ತಾ ಅಮೆರಿಕನ್ ರುಚಿ ಹೆಂಗೆ ಮನೆಯೊಳಗೆ ಬಂತು ಅಂತ ಗೊತ್ತಾಗುತ್ತೆ.

ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಮಾತ್ರ ತೀರಾ ಲೇಟು, 1997ರಲ್ಲಿ ಕಿಮ್ ಹ್ಯೆ-ಸೂನ್ ಮೊದಲನೆಯವರು. ಇದು ನನಗೆ ಈಗಲೂ ಬೇಜಾರಿನ ವಿಷಯ. ಅವರಿಗೇ ಮುಂದೆ 2019ರಲ್ಲಿ ಕೆನಡಾದ ಗ್ರಿಫಿನ್ ಕಾವ್ಯ ಪ್ರಶಸ್ತಿನೂ ಬಂತು.

2006ರಿಂದ ರೂಲ್ಸ್ ಬದಲಾಗಿದೆ, ಅಚ್ಚಾದ ಪುಸ್ತಕ ಬೇಡ, ಹೊಸಬರೂ ಹಸ್ತಪ್ರತಿ ಕಳಿಸಬಹುದು. 2012ರಲ್ಲಿ ಗೆದ್ದ ಹ್ವಾಂಗ್ ಇನ್-ಚಾನ್ ಈ ಹೊಸ ಪದ್ಧತಿಯಲ್ಲೇ ಬಂದೋರು.