ಎರಡನೇ ಅಕ್ಷ ಕೊಟ್ಟರೆ ಕಂಬಗಳು ಒಂದನ್ನೊಂದು ಮುಚ್ಚುತ್ತವೆ, ಏನು ಮಾಡಲಿ?

ಪ್ರಶ್ನೆ: ನಾಲ್ಕು ಬಗೆಯ ಗೊಬ್ಬರ ಹಾಕಿ ಬೆಳೆಸಿದ ಗಿಡಗಳ ಎತ್ತರ ಮತ್ತು ಎಲೆಗಳ ತೂಕ ನನ್ನ ಬಳಿ ಇದೆ. ಎತ್ತರ 42ರಿಂದ 61 ಸೆಂ.ಮೀ., ತೂಕ 3.1ರಿಂದ 5.2 ಗ್ರಾಂ. ಒಂದೇ ಅಕ್ಷದಲ್ಲಿ ಹಾಕಿದರೆ ತೂಕದ ಕಂಬಗಳು ನೆಲಕ್ಕೆ ಅಂಟಿಕೊಳ್ಳುತ್ತವೆ. ಎಕ್ಸೆಲ್‌ನಲ್ಲಿ ತೂಕಕ್ಕೆ ಬಲಗಡೆ ಇನ್ನೊಂದು ಅಕ್ಷ ಕೊಟ್ಟೆ. ಈಗ ತೂಕದ ಕಂಬ ಎತ್ತರದ ಕಂಬದ ಮೇಲೇ ಬಂದು ಕೂತಿದೆ. ಪಕ್ಕಪಕ್ಕ ನಿಲ್ಲಿಸುವುದು ಹೇಗೆ?

ಉತ್ತರ: ನೀವೇನೂ ತಪ್ಪು ಮಾಡಿಲ್ಲ. ಎಕ್ಸೆಲ್ ಲೆಕ್ಕ ಹಾಕುವುದೇ ಹಾಗೆ. ಎಡ ಅಕ್ಷದ ಕಂಬಗಳು ಒಂದು ಗುಂಪು, ಬಲ ಅಕ್ಷದ ಕಂಬಗಳು ಇನ್ನೊಂದು. ಒಂದು ಗುಂಪಿನ ಸುದ್ದಿ ಇನ್ನೊಂದಕ್ಕೆ ಗೊತ್ತೇ ಇರುವುದಿಲ್ಲ. ನಿಮ್ಮ ಎರಡೂ ಗುಂಪಿನಲ್ಲಿ ಇರುವುದು ಒಂದೊಂದೇ ಸೀರೀಸ್ (ಒಂದು ಕಾಲಂನ ಅಂಕಿಗಳು). ಹಾಗಾಗಿ ಎರಡೂ ಹೋಗಿ ನಟ್ಟನಡುವೆ ನಿಲ್ಲುತ್ತವೆ. ಬಲ ಅಕ್ಷದ್ದು ಯಾವಾಗಲೂ ಮುಂದೆ ಬರುವುದರಿಂದ ಎತ್ತರದ ಕಂಬ ಹಿಂದೆ ಅಡಗುತ್ತದೆ.

ಇದಕ್ಕೆ ಹಳೆಯ ಉಪಾಯ ಒಂದಿದೆ: ಖಾಲಿ ಸೀರೀಸ್ ಹಾಕಿ ಜಾಗ ಹಿಡಿಯುವುದು. ಶೀಟಿನಲ್ಲಿ ಕಾಲಂಗಳು ಈ ಸಾಲಿನಲ್ಲಿರಲಿ: ಗೊಬ್ಬರ, ಎತ್ತರ, ಖಾಲಿ 1, ಖಾಲಿ 2, ತೂಕ. ಖಾಲಿ ಕಾಲಂಗಳಿಗೆ ಹೆಡಿಂಗ್ ಮಾತ್ರ ಸಾಕು, ಅಂಕಿ ಬೇಡ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಕ್ಲಸ್ಟರ್ಡ್ ಕಾಲಂ (ಪಕ್ಕಪಕ್ಕ ಕಂಬಗಳ) ಚಾರ್ಟ್ ಹಾಕಿ. ಈಗ ‘ಖಾಲಿ 2’ ಮತ್ತು ‘ತೂಕ’ ಎರಡನ್ನೂ ಬಲ ಅಕ್ಷಕ್ಕೆ ಕಳಿಸಬೇಕು. ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಖಾಲಿ ಸೀರೀಸ್‌ಗೆ ಕಂಬವೇ ಇಲ್ಲ, ಎಲ್ಲಿ ಅಂತ ಕ್ಲಿಕ್ ಮಾಡ್ತೀರಿ? ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಚಾರ್ಟ್ ಟೈಪ್’, ಅದರಲ್ಲಿ ‘ಕಾಂಬೊ’ ತೆಗೆಯಿರಿ. ಅಲ್ಲಿ ನಾಲ್ಕೂ ಸೀರೀಸ್‌ಗಳ ಹೆಸರು, ಪಕ್ಕದಲ್ಲಿ ‘ಸೆಕೆಂಡರಿ ಆಕ್ಸಿಸ್’ ಟಿಕ್ ಬಾಕ್ಸ್ ಸಿಗುತ್ತವೆ. ಎಕ್ಸೆಲ್ ತಾನಾಗಿಯೇ ಕೆಲವನ್ನು ಗೆರೆ ಮಾಡಿರಬಹುದು. ನಾಲ್ಕನ್ನೂ ಮತ್ತೆ ಕ್ಲಸ್ಟರ್ಡ್ ಕಾಲಂ ಮಾಡಿ.

ಈಗ ಎಡ ಗುಂಪಿನಲ್ಲಿ ಮೊದಲು ಎತ್ತರ, ಆಮೇಲೆ ಖಾಲಿ ಜಾಗ. ಬಲ ಗುಂಪಿನಲ್ಲಿ ಮೊದಲು ಖಾಲಿ ಜಾಗ, ಆಮೇಲೆ ತೂಕ. ಒಂದರ ಜಾಗದಲ್ಲಿ ಇನ್ನೊಂದು ಬರುವುದೇ ಇಲ್ಲ. ‘ಗ್ಯಾಪ್ ವಿಡ್ತ್’ (ಒಂದು ಗೊಬ್ಬರದ ಕಂಬಗಳಿಗೂ ಮುಂದಿನದಕ್ಕೂ ನಡುವಿನ ಅಂತರ) ಮತ್ತು ‘ಸೀರೀಸ್ ಓವರ್‌ಲ್ಯಾಪ್’ ಬದಲಿಸುವುದಾದರೆ ಎರಡೂ ಗುಂಪಿಗೆ ಒಂದೇ ಅಂಕಿ ಕೊಡಿ. ಗ್ಯಾಪ್ ವಿಡ್ತ್ ಒಂದಕ್ಕೆ 80, ಇನ್ನೊಂದಕ್ಕೆ 219 ಇದ್ದರೆ ಕಂಬಗಳ ದಪ್ಪವೇ ಬೇರೆಬೇರೆ ಆಗುತ್ತದೆ. ಲೆಜೆಂಡ್‌ನಲ್ಲಿ (ಯಾವ ಬಣ್ಣ ಯಾವುದಕ್ಕೆ ಎಂದು ತೋರಿಸುವ ಪಟ್ಟಿ) ‘ಖಾಲಿ’ ಹೆಸರುಗಳು ಇಣುಕುತ್ತವೆ ಅಲ್ವಾ? ಒಮ್ಮೆ ಕ್ಲಿಕ್ ಮಾಡಿದರೆ ಇಡೀ ಲೆಜೆಂಡ್, ಮತ್ತೊಮ್ಮೆ ಮಾಡಿದರೆ ಆ ಒಂದು ಹೆಸರು ಸೆಲೆಕ್ಟ್ ಆಗುತ್ತದೆ. ಆಗ ಡಿಲೀಟ್ ಒತ್ತಿ.

ಲಿಬ್ರೆ ಆಫೀಸ್ ಕ್ಯಾಲ್ಕ್ ಬಳಸುವವರಿಗೆ ಇಷ್ಟೆಲ್ಲ ಸರ್ಕಸ್ ಬೇಡ. ಸೀರೀಸ್‌ನ ‘ಆಪ್ಷನ್ಸ್’ನಲ್ಲಿ ‘ಶೋ ಬಾರ್ಸ್ ಸೈಡ್ ಬೈ ಸೈಡ್’ ಅಂತಲೇ ಒಂದು ಟಿಕ್ ಇದೆ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ ಆದರೆ ಟ್ವಿನ್‌ಎಕ್ಸ್ (ಬಲಗಡೆ ಇನ್ನೊಂದು ಅಕ್ಷ ಕೊಡುವ ಆಜ್ಞೆ) ಮಾಡಿ, ಒಂದು ಸೀರೀಸನ್ನು ಕಂಬದ ಅರ್ಧ ಅಗಲದಷ್ಟು ಎಡಕ್ಕೆ, ಇನ್ನೊಂದನ್ನು ಅಷ್ಟೇ ಬಲಕ್ಕೆ ಸರಿಸಿದರೆ ಮುಗಿಯಿತು.

ನೀವು ಕೇಳದ ಒಂದು ಮಾತು. ಎಡ ಅಕ್ಷ 0ಯಿಂದ 70, ಬಲ ಅಕ್ಷ 0ಯಿಂದ 6 ಇಡಿ: 61 ಸೆಂ.ಮೀ. ಮತ್ತು 5.2 ಗ್ರಾಂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರ. ಬಲ ಅಕ್ಷವನ್ನು 12ಕ್ಕೆ ಏರಿಸಿ: ತೂಕದ ಕಂಬ ಅರ್ಧಕ್ಕಿಳಿಯುತ್ತದೆ. ಗಿಡ ಅದೇ, ಎಲೆ ಅದೇ. ಪಕ್ಕಪಕ್ಕ ನಿಂತ ಕಂಬಗಳನ್ನು ಕಣ್ಣು ಹೋಲಿಸಿಯೇ ಹೋಲಿಸುತ್ತದೆ, ಆದರೆ ಆ ಹೋಲಿಕೆಗೆ ಅರ್ಥವಿಲ್ಲ. ನಾನಾದರೆ ಎತ್ತರಕ್ಕೊಂದು, ತೂಕಕ್ಕೊಂದು ಚಿಕ್ಕ ಚಾರ್ಟ್ ಮಾಡಿ ಮೇಲೆ-ಕೆಳಗೆ ಇಡುತ್ತೇನೆ. ಒಂದೇ ಚಿತ್ರ ಬೇಕೇಬೇಕು ಅಂದರೆ ತೂಕಕ್ಕೆ ಕಂಬದ ಬದಲು ಬರೀ ಚುಕ್ಕಿ ಇಡಿ. ಚುಕ್ಕಿಗಳನ್ನು ಗೆರೆಯಿಂದ ಸೇರಿಸಬೇಡಿ, ಒಂದು ಗೊಬ್ಬರದಿಂದ ಇನ್ನೊಂದಕ್ಕೆ ಏರಿಳಿತ ಅನ್ನುವುದೇನೂ ಇಲ್ಲವಲ್ಲ.

ಪ್ರಶ್ನೆ: ನನ್ನದು ಎಡಕ್ಕೆ ಮಾರಾಟವಾದ ವಸ್ತುಗಳ ಸಂಖ್ಯೆ, ಬಲಕ್ಕೆ ಲಾಭದ ಶೇಕಡಾ. ಒಂದು ತಿಂಗಳು ನಷ್ಟವಾಗಿದೆ. ಎರಡು ಅಕ್ಷಗಳ ಸೊನ್ನೆ ಬೇರೆಬೇರೆ ಎತ್ತರದಲ್ಲಿ ಬರುತ್ತಿದೆ.

ಉತ್ತರ: ಎರಡೂ ಅಕ್ಷದ ಮಿನಿಮಮ್, ಮ್ಯಾಕ್ಸಿಮಮ್ ಅನ್ನು ನೀವೇ ಕೊಡಿ, ಒಂದೇ ಅನುಪಾತದಲ್ಲಿ. ಬಲಕ್ಕೆ -2ರಿಂದ 10 ಇದ್ದರೆ ಎಡಕ್ಕೆ -20ರಿಂದ 100. ಮಾರಾಟ ಮೈನಸ್ ಆಗುವುದಿಲ್ಲ, ನಿಜ. ಆದರೂ ಕೆಳಗೆ ಅಷ್ಟು ಜಾಗ ಬಿಡಲೇಬೇಕು. ಎಡ ಅಕ್ಷದಲ್ಲಿ -20 ಅಂತ ಕಾಣುವುದು ಮುಜುಗರ ಅನಿಸಿದರೆ ಅದರ ನಂಬರ್ ಫಾರ್ಮ್ಯಾಟ್‌ನಲ್ಲಿ 0;;0 ಅಂತ ಬರೆಯಿರಿ, ಮೈನಸ್ ಅಂಕಿ ಮಾಯ. ತಿಂಗಳ ಹೆಸರುಗಳು ನಷ್ಟದ ಕಂಬದ ಮೇಲೆ ಬಂದು ಕೂರುತ್ತವೆ. ಅಡ್ಡ ಅಕ್ಷದ ‘ಲೇಬಲ್ ಪೊಸಿಷನ್’ ಅನ್ನು ‘ಲೋ’ ಮಾಡಿದರೆ ಅವು ಕೆಳಗಿಳಿಯುತ್ತವೆ.